ಸೋಡಾ ನೀರಿನಲ್ಲಿ ಕುದಿದ ಜರಿ ಪರಕಾರ

ನಿನ್ನೆ ಬೆಳಿಗ್ಗೆ ಪಕ್ಕದ ಮನೆಯಿಂದ ಒಗೆಯುವ ಪುಡಿಯ ವಾಸನೆ ಬಂತು. ಬರಲಿ ಬಿಡಿ, ನಳದ ನೀರು ಬಂದ ದಿನ ಗದಗಿನ ನಮ್ಮ ಓಣಿಗೆ ಓಣಿಯೇ ಆ ವಾಸನೆ ಹೊಡೆಯುತ್ತದೆ. ಆದರೆ ಅದರ ಬೆನ್ನಿಗೇ ಧಡಲ್ ಧಡಲ್ ಎಂದು ಏನೋ ಉರುಳುವ ಸದ್ದೂ ಬಂತು. ಹೋಗಿ ನೋಡಿದರೆ, ಏನಂತ ಹೇಳಲಿ ನಿಮಗೆ, ಆ ಮನೆಯ ಸೊಸೆ ಸುನೀತಾ ತನ್ನ ಮಗಳ ಭರತನಾಟ್ಯದ ರೇಷ್ಮೆ ಉಡುಪನ್ನೂ, ಅದೇ ಮಗಳು ಭಾನುವಾರ ಇನ್ನೊಂದು ಡ್ಯಾನ್ಸ್ ಕ್ಲಾಸಿಗೆ ಹಾಕಿಕೊಂಡು ಹೋಗುವ ಬೂಟನ್ನೂ ಒಟ್ಟಿಗೇ ಮಷೀನಿಗೆ ತುರುಕಿ, ಗುಂಡಿ ಒತ್ತಿ, ಆರಾಮಾಗಿ ಚಹಾ ಕುಡಿಯುತ್ತ ಕೂತಿದ್ದಾಳೆ! ರೇಷ್ಮೆ ಮತ್ತು ಬೂಟು, ಒಂದೇ ಡಬ್ಬಿಯಲ್ಲಿ! ಅವಳ ಮಗಳು ಬಾಗಿಲ ಹತ್ತಿರ ಉಗುರು ಕಚ್ಚುತ್ತ ನಿಂತಿದ್ದಳು.

ನಾನು ಬೈದೆ. ಈ ವಯಸ್ಸಿನಲ್ಲಿ ನನಗೆ ಉಳಿದಿರುವ ಶಕ್ತಿ ಅದೊಂದೇ, ಅದನ್ನಾದರೂ ಧಾರಾಳವಾಗಿ ಬಳಸುತ್ತೇನೆ. ಸುನೀತಾ ಬೆರಗಾಗಿ, "ಅಯ್ಯ, ಸ್ವಚ್ಛ ಆಗಲಿ ಅಂತ ಹಾಕೀನ್ರಿ ಅಜ್ಜಿ. ಇದರಾಗ ತಪ್ಪೇನೈತಿ?" ಅಂದಳು. ಸ್ವಚ್ಛ! ಆ ಮಾತು ಕೇಳಿದ್ದೇ ನನ್ನ ಮೈಯೆಲ್ಲ ಉರಿದುಹೋಯಿತು. ಇನ್ನೂ ನಾಲ್ಕು ಮಾತು ಹೆಚ್ಚಿಗೆ ಅಂದು ಮನೆಗೆ ಬಂದೆ. ಬಂದವಳು ಮಧ್ಯಾಹ್ನ ಉಣ್ಣಲೂ ಇಲ್ಲ. ಒಂದು ಉಡುಪಿಗೆ ಇಷ್ಟು ಸಿಟ್ಟೇ ಎಂದು ನೀವು ಕೇಳಬಹುದು. ಕೇಳಿ, ಹೇಳುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಲಕ್ಷ್ಮೇಶ್ವರದಲ್ಲಿ. ಹುಟ್ಟಿದಾಗ ನಮ್ಮೂರು ಸಂಸ್ಥಾನಕ್ಕೆ ಸೇರಿತ್ತು, ಸ್ವಾತಂತ್ರ್ಯ ಬಂದ ಮೇಲೆ ಮುಂಬೈ ರಾಜ್ಯಕ್ಕೆ ಸೇರಿತು, ಏಕೀಕರಣವಾದಾಗ ಮೈಸೂರಿಗೆ ಸೇರಿತು. ಅಟ್ಟದ ಮೇಲಿನ ಒಂದು ಪಾತ್ರೆಯನ್ನೂ ಕದಲಿಸದೆ ಮೂರು ರಾಜ್ಯ ನೋಡಿಬಂದವರು ನಾವು. ಆ ಏಕೀಕರಣದ ದಿನಕ್ಕೆ ನಮ್ಮ ಶಾಲೆಯಲ್ಲಿ ದೊಡ್ಡ ಸಮಾರಂಭ ಮಾಡುವುದೆಂದು ನಿಶ್ಚಯವಾಯಿತು. ಒಬ್ಬ ಹುಡುಗಿ ಕನ್ನಡ ತಾಯಿಯಾಗಿ ಕುಣಿಯಬೇಕು. ಆ ಹುಡುಗಿ ನಾನು. ನನ್ನ ಚೆಲುವು ನೋಡಿ ಆರಿಸಿದರು ಅಂದುಕೊಳ್ಳಬೇಡಿ. ನಾನು ಕ್ಲಾಸಿನಲ್ಲಿ ಎಲ್ಲರಿಗಿಂತ ಉದ್ದ ಇದ್ದೆ, ಅಪ್ಪ ಕಚೇರಿಯಲ್ಲಿ ಕಾರಕೂನರಾಗಿದ್ದರು. ಹೆಡ್ ಮಾಸ್ತರರಿಗೆ ಇವೆರಡು ಗುಣ ಸಾಕಾಗಿದ್ದವು.

ಕುಣಿತ ಕಲಿಸುವವರು ಯಾರು, ಉಡುಪು ಎಲ್ಲಿಂದ ತರಬೇಕು? ಎರಡಕ್ಕೂ ಊರಿನಲ್ಲಿ ಇದ್ದದ್ದು ಒಂದೇ ಮನೆ, ಚಂಪವ್ವನದು. ಅವಳ ಮನೆತನದ ಹೆಣ್ಣುಮಕ್ಕಳು ತಲೆತಲಾಂತರದಿಂದ ಗುಡಿಯಲ್ಲಿ ಕುಣಿಯುವ ಸೇವೆ ಮಾಡಿದವರು. ಕಾಯಿದೆ ಬಂದು ಆ ಸೇವೆ ನಿಂತಿತ್ತು. ಚಂಪವ್ವ ಹೂ ಕಟ್ಟಿ ಬದುಕುತ್ತಿದ್ದಳು. ಗುಡಿಯ ಕಟ್ಟೆಯ ಮೇಲೆ ನನ್ನ ತಾಯಿಯೂ ಅವಳೂ ಕೂತು ಗಂಟೆಗಟ್ಟಲೆ ಮಾತಾಡುತ್ತಿದ್ದರು, ನಗುತ್ತಿದ್ದರು, ಉಪ್ಪಿನಕಾಯಿ ಹಾಕುವ ರೀತಿಯಿಂದ ಹಿಡಿದು ಊರ ಖಬರೆಲ್ಲ ಹಂಚಿಕೊಳ್ಳುತ್ತಿದ್ದರು. ಆದರೆ ಅವಳು ನಮ್ಮ ಹೊಸ್ತಿಲು ದಾಟುವಂತಿಲ್ಲ, ನಾವು ಅವಳ ಮನೆಯ ನೀರು ಕುಡಿಯುವಂತಿಲ್ಲ. ಕಟ್ಟೆಯ ಮೇಲೆ ಸ್ನೇಹಿತೆ, ಹೊಸ್ತಿಲಲ್ಲಿ ಹೊರಗಿನವಳು. ಇದು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ, ಅದೇ ನನಗೆ ಈಗ ಸಿಟ್ಟು ತರಿಸುವುದು.

ಹೆಡ್ ಮಾಸ್ತರರು ಕೇಳಲು ಹೋದಾಗ ಚಂಪವ್ವ ಒಂದೇ ಷರತ್ತು ಹಾಕಿದಳಂತೆ. "ಕಲಿಸ್ತೀನ್ರಿ ಮಾಸ್ತರ್ರ. ನಮ್ಮವ್ವನ ಜರಿ ಪರಕಾರ ಐತಿ, ಅದನ್ನೂ ಕೊಡ್ತೀನಿ. ಆದರ ಅದನ್ನ ನಾನ ಬಂದು ನನ್ನ ಕೈಯಾರೆ ಉಡಸ್ತೀನಿ, ನಾನ ಬಿಚ್ಚಿ ಒಯ್ತೀನಿ. ನಡುವ ಯಾರೂ ಮುಟ್ಟಬಾರದು. ಅದು ಇನ್ನೊಮ್ಮೆ ಮಂದಿ ಮುಂದ ಕುಣೀಬೇಕು, ಅಷ್ಟ ನನ್ನಾಸೆ." ಮಾಸ್ತರರು "ಆತವಾ, ಆತು" ಅಂದು ಬಂದರು.

ಶಾಲೆಯ ಹಿಂದಿನ ಬೇವಿನ ಮರದ ಕೆಳಗೆ ತಾಲೀಮು ನಡೆಯುತ್ತಿತ್ತು. ಅವಳ ಮನೆಗೆ ಮಾತ್ರ ಹೋಗಕೂಡದೆಂದು ಅವ್ವ ಕಟ್ಟಪ್ಪಣೆ ಮಾಡಿದ್ದಳು. ಹೋಗಬೇಡ ಅಂದರೆ ಹೋಗದೆ ಇರುವ ಜಾತಿಯೇ ನಾನು? ತಾಲೀಮು ಮುಗಿದ ಮೇಲೆ ದಿನಾ ಅವಳ ಬೆನ್ನು ಹತ್ತಿ ಹೋದೆ. ಅವಳ ಚಾಪೆಯ ಮೇಲೆ ಕೂತೆ, ಅವಳು ಕೊಟ್ಟ ಶೇಂಗಾದ ಉಂಡಿ ತಿಂದೆ, ಅವಳ ಕೊಡದ ನೀರು ಕುಡಿದೆ. ಅಲ್ಲಿಯೇ ಆ ಪರಕಾರವನ್ನು, ಕಾಲು ಮುಚ್ಚುವ ಆ ರೇಷ್ಮೆ ಲಂಗವನ್ನು, ಮೊದಲು ನೋಡಿದ್ದು. ಕುಸುಬಿ ಹೂವಿನ ಬಣ್ಣ, ಅಂಚಿಗೆ ಅಂಗೈಯಗಲ ಜರಿ. ಪೆಟ್ಟಿಗೆ ತೆರೆದರೆ ಒಣಗಿದ ಬೇವಿನೆಲೆಯ, ಲಾವಂಚದ ಬೇರಿನ ವಾಸನೆ ಗಮ್ ಎಂದು ಬರುತ್ತಿತ್ತು.

ಅದನ್ನು ಜೋಪಾನ ಮಾಡುವ ಬಗೆಯನ್ನು ಅವಳು ಕುಣಿತಕ್ಕಿಂತ ಹೆಚ್ಚು ಶ್ರದ್ಧೆಯಿಂದ ಕಲಿಸಿದಳು. ಕುಣಿದ ಮೇಲೆ ಕೂಡಲೆ ಮಡಚಬಾರದು. ಒಳಮೈ ಹೊರಗೆ ಮಾಡಿ, ನೆರಳಲ್ಲಿ, ಗಾಳಿಗೆ ಹರವಿ ಬೆವರು ಆರಿಸಬೇಕು. ಕಲೆ ಬಿದ್ದಲ್ಲಿ ಮಾತ್ರ ಅಂಟುವಾಳದ ನೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಒತ್ತಬೇಕು, ಉಜ್ಜಬಾರದು. ಜರಿಗೆ ನೀರಂತೂ ತಾಗಿಸಲೇಬಾರದು. ತಿಂಗಳಿಗೊಮ್ಮೆ ಮಡಿಕೆ ಬದಲಿಸಬೇಕು, ಇಲ್ಲದಿದ್ದರೆ ಮಡಚಿದಲ್ಲೇ ರೇಷ್ಮೆ ಬಿರಿಯುತ್ತದೆ. ಗೆಜ್ಜೆಗಳನ್ನು ತೊಗಲಿನ ಪಟ್ಟಿಗೆ ಹೊಲಿದುಕೊಟ್ಟವನು ಟಾಂಗಾ ಕುದುರೆಗೆ ಜೀನು ಹೊಲಿಯುವ ಇಮಾಂಸಾಬ. ಆ ಪಟ್ಟಿಗೆ ಒಂದು ಹನಿ ಎಣ್ಣೆ, ಗೆಜ್ಜೆಗೆ ಒಣ ಬಟ್ಟೆ. "ಕುಣಿಯೂ ಹೊತ್ತಿನಾಗ ನಮಗ ಕಾಲಾಗ ಮೆಟ್ಟೂ ಚಡಾವಿಲ್ಲ ತಂಗಿ," ಎನ್ನುತ್ತಿದ್ದಳು, "ಗೆಜ್ಜಿನ ನಮ್ಮ ಚಡಾವು. ಒದ್ದಿ ಕಾಲಿಗೆ ಕಟ್ಟೀಯಾ ಮತ್ತ!" ನಾನು ಎಲ್ಲವನ್ನೂ ಮಗ್ಗಿಯ ಹಾಗೆ ಬಾಯಿಪಾಠ ಮಾಡಿ ಒಪ್ಪಿಸಿದೆ. ಅವಳು ನನ್ನ ಗಲ್ಲ ಮುಟ್ಟಿ ಲಟಿಕೆ ತೆಗೆದಳು.

ಸಮಾರಂಭಕ್ಕೆ ಎರಡು ದಿನ ಮೊದಲೇ ಮಾಸ್ತರರು ಹೇಳಿಕಳಿಸಿ ಪೆಟ್ಟಿಗೆಯನ್ನು ಶಾಲೆಗೆ ತರಿಸಿಕೊಂಡರು. ಶಾಲೆಯ ಕೀಲಿ ಸರಿಯಿಲ್ಲವೆಂದು ಮಾಸ್ತರರು ಅದನ್ನು ನಮ್ಮ ಮನೆಗೆ ಕಳಿಸಿದರು. ನೋಡಿ, ಕೊಟ್ಟ ಮಾತಿಗೆ ಅವರಿಗಿದ್ದ ಬೆಲೆ ಅಷ್ಟು! "ಯಾರೂ ಮುಟ್ಟಬಾರದಂತ" ಎಂದು ಒಂದು ಚೀಟಿ ಬರೆದಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಅವ್ವ ಪೆಟ್ಟಿಗೆ ತೆರೆದಳು. ಬೆರಳ ತುದಿಯಲ್ಲಿ ಪರಕಾರ ಎತ್ತಿದಳು. "ಛಂದ ಐತಿ," ಅಂದಳು, "ಆದರ ಎಷ್ಟು ಮಂದಿ ಉಟ್ಟದ್ದೋ ಏನೋ. ಹಂಗ ಹ್ಯಾಂಗ ನನ್ನ ಮಗಳ ಮೈಮ್ಯಾಲೆ ಹಾಕಲಿ? ತಡಿ, ಸ್ವಚ್ಛ ಮಾಡತೀನಿ." ಹಂಡೆಗೆ ನೀರು ಬಿತ್ತು, ಒಲೆಗೆ ಉರಿ ಬಿತ್ತು, ನೀರಿಗೆ ಮುಷ್ಟಿ ಮುಷ್ಟಿ ಒಗೆಯುವ ಸೋಡಾ ಬಿತ್ತು, ಅದರೊಳಗೆ ಆ ಪರಕಾರ. ಕುದಿಸಿದಳು, ಕಲ್ಲಿಗೆ ಬಡಿದಳು, ಮತ್ತೆ ಕುದಿಸಿದಳು. ಬಾಣಂತಿಯ ಬಟ್ಟೆಯನ್ನೂ ಯಾರೂ ಹಾಗೆ ಕುದಿಸುವುದಿಲ್ಲ. ಕುಸುಬಿ ಬಣ್ಣ ನೀರಿನಲ್ಲಿ ಹರಿದು ಬಚ್ಚಲಿಗೆ ಹೋಯಿತು. ಅವ್ವ ಅದನ್ನು ನೋಡಿ, "ನೋಡು, ಎಷ್ಟು ಹೊಲಸು ಬಿಡಾಕತ್ತೈತಿ!" ಅಂದಳು. ಖರೆ ಹೇಳುತ್ತೇನೆ, ಹಾಗೇ ಅಂದಳು.

ನಗು ಬರಿಸುವ ಸಂಗತಿಯೂ ಒಂದಿದೆ. ಅದೇ ಪೆಟ್ಟಿಗೆಯಲ್ಲಿದ್ದ ಗೆಜ್ಜೆಗಳನ್ನು ಅವ್ವ ಮುಟ್ಟಲಿಲ್ಲ. ತೊಗಲಲ್ಲವೇ, ಮುಟ್ಟಿದರೆ ಮೈಲಿಗೆ. ಕೋಲಿನಿಂದ ಮೂಲೆಗೆ ಸರಿಸಿದಳು. ಮೈಲಿಗೆಯಾಗಿದ್ದರಿಂದ ಗೆಜ್ಜೆ ಉಳಿದವು, ಮಡಿ ಮಾಡಿದ್ದರಿಂದ ರೇಷ್ಮೆ ಸತ್ತಿತು. ನಮ್ಮ ಶುದ್ಧದ ಲೆಕ್ಕಾಚಾರಕ್ಕೆ ಏನನ್ನಬೇಕೋ ನೀವೇ ಹೇಳಿ.

ಸಮಾರಂಭದ ದಿನ ಚಂಪವ್ವ ಬಿಳಿ ಸೀರೆ ಉಟ್ಟು, ಹೊಸದಾಗಿ ಬೈತಲೆ ತೆಗೆದುಕೊಂಡು ಬಂದಳು. ಶಾಲೆಯ ಕೋಣೆಯಲ್ಲಿ ನಾನು, ಅವ್ವ, ಹೆಡ್ ಮಾಸ್ತರರ ಹೆಂಡತಿ ಇದ್ದೆವು. ಅವ್ವ ಮಡಚಿಟ್ಟ ಪರಕಾರವನ್ನು ಅವಳ ಕೈಗೆ ಕೊಟ್ಟಳು. ಬಣ್ಣ ಹಳೆಯ ಗೋಣಿಯಂತಾಗಿತ್ತು, ಜರಿ ಕಪ್ಪಿಟ್ಟಿತ್ತು, ರೇಷ್ಮೆ ಮುದುಡಿ ಗೇಣುದ್ದ ಕಡಿಮೆಯಾಗಿತ್ತು. ಚಂಪವ್ವ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಯಾರ ತೊಳದ್ರಿ ಇದನ್ನ?"

"ನಾನ," ಅಂದಳು ಅವ್ವ. ಸೋಡಾಕ್ಕೆ ಅವಳ ಬೆರಳೆಲ್ಲ ಸಿಪ್ಪೆಯೆದ್ದಿದ್ದವು. "ಅರ್ಧ ದಿನ ಹಿಡೀತು ನೋಡವಾ. ಸ್ವಚ್ಛ ಆಗಲಿ ಅಂತ."

"ಸ್ವಚ್ಛನ ಇತ್ತಲ್ರಿ ಅವ್ವಾರ," ಅಂದಳು ಚಂಪವ್ವ.

ಆಮೇಲೆ ಅವಳು ನನ್ನ ಮುಂದೆ ಮಂಡಿಯೂರಿ, ಪರಕಾರ ಉಡಿಸಿ, ಗಿಡ್ಡವಾದದ್ದು ಕಾಣದಂತೆ ಕೆಳಗೆ ತನ್ನ ಕೆಂಪು ಶಾಲು ಸುತ್ತಿದಳು. ಗೆಜ್ಜೆ ಕಟ್ಟುವಾಗ ನನ್ನ ಕಿವಿಯಲ್ಲಿ ಒಂದು ಮಾತು ಕೇಳಿದಳು, ನಾನು ಉತ್ತರ ಕೊಟ್ಟೆ. ಏನು ಕೇಳಿದಳೆಂದು ಆಮೇಲೆ ಹೇಳುತ್ತೇನೆ. ನಾನು ಕುಣಿದೆ, ಮಂದಿ ಚಪ್ಪಾಳೆ ತಟ್ಟಿದರು, ಪೇಢೆ ಹಂಚಿದರು. ಚಂಪವ್ವ ಬಂದು ಗೆಜ್ಜೆ ಬಿಚ್ಚಿಕೊಂಡಳು, ಒಣ ಬಟ್ಟೆಯಿಂದ ಒರೆಸಿ ಉಡಿಯಲ್ಲಿಟ್ಟುಕೊಂಡಳು. ಪರಕಾರವನ್ನು ಮುಟ್ಟಲಿಲ್ಲ. "ಅದು ನಿಮ್ದ ಆತ್ರಿ ಅವ್ವಾರ. ನೀವ ಇಟಗೊರ್ರಿ," ಅಂದು ನಡೆದುಬಿಟ್ಟಳು.

ಅವ್ವ ಇದನ್ನು ಉಡುಗೊರೆ ಎಂದು ತಿಳಿದಳು! "ಎಷ್ಟ ದೊಡ್ಡ ಮನಸು ನೋಡು" ಎಂದು ಮನೆಮಂದಿಗೆಲ್ಲ ಹೇಳಿದಳು. ಕೆಲವು ತಿಂಗಳ ನಂತರ ಅದನ್ನು ಕತ್ತರಿಸಿ ಹೊದೆಯುವ ಕೌದಿಗೆ ತೇಪೆ ಹಾಕಿದಳು. ಚಂಪವ್ವ ಅಂದಿನಿಂದ ಯಾವ ಹುಡುಗಿಗೂ ಒಂದು ಹೆಜ್ಜೆ ಕಲಿಸಲಿಲ್ಲ. ಗುಡಿಯ ಕಟ್ಟೆಗೆ ಬರುವುದನ್ನೂ ಬಿಟ್ಟಳು, ಅವ್ವ ಎದುರಾದರೆ ಓಣಿ ಬದಲಿಸಿದಳು. ವರ್ಷ ತುಂಬುವುದರೊಳಗೆ ಮುಂಡರಗಿಯ ಕಡೆ, ಕೊರ್ಲಹಳ್ಳಿಯಲ್ಲಿದ್ದ ಅಕ್ಕನ ಮನೆಗೆ ಹೋದಳು. ಹೊಳೆಯ ದಂಡೆಯ ಊರು ಅದು. ಅಲ್ಲಿಯೇ ತೀರಿಕೊಂಡಳೆಂದು ಕೇಳಿದೆ.

ಈ ಕಥೆಯನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ. ಗಂಡನಿಗೆ, ಮಕ್ಕಳಿಗೆ, ಮದುವೆ ಮನೆಗಳಲ್ಲಿ ಗುರುತು ಸಿಕ್ಕವರಿಗೆಲ್ಲ ಹೇಳಿ, ಪ್ರತಿ ಸಲವೂ ಅವ್ವನ ಮೇಲೆ ಹೊಸದಾಗಿ ಸಿಟ್ಟಾಗಿದ್ದೇನೆ. ಕೇಳಿದವರೂ ಸಿಟ್ಟಾಗಿದ್ದಾರೆ. ನೀವೂ ಆಗಿರಬೇಕು. ಆಗುವಂಥದ್ದೇ. ಒಬ್ಬಳ ಮೈಗೆ ತಾಗಿದ್ದೆಂದು ಅವಳ ತಾಯಿಯ ಉಡುಪನ್ನು ಕುದಿಸುವುದು ಸಣ್ಣ ತಪ್ಪಲ್ಲ, ಅದನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. ಆದರೆ ಪ್ರತಿ ಸಲವೂ ಒಂದು ತುಂಡು ಬಿಟ್ಟೇ ಹೇಳಿದ್ದೇನೆ.

ಹಂಡೆ ಕುದಿಯುವಾಗ ನಾನೆಲ್ಲಿದ್ದೆ? ಒಲೆಯ ಮುಂದೆಯೇ ಕೂತಿದ್ದೆ. ಉರಿ ಆರದಂತೆ ನೋಡಿಕೊಳ್ಳುತ್ತಿದ್ದವಳು ನಾನೇ. ಜರಿಗೆ ನೀರು ತಾಗಿಸಬಾರದೆಂದು ಆ ಮನೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಹೇಳಿದರೆ, ನಿನಗ್ಯಾರು ಹೇಳಿದರು ಎಂದು ಅವ್ವ ಕೇಳುತ್ತಿದ್ದಳು. ಚಂಪವ್ವನ ಮನೆಗೆ ಹೋದದ್ದು, ಉಂಡಿ ತಿಂದದ್ದು ಎಲ್ಲ ಹೊರಗೆ ಬೀಳುತ್ತಿತ್ತು. ಕುಣಿತ ತಪ್ಪಿಹೋದರೆ? ಕನ್ನಡ ತಾಯಿ ಬೇರೆ ಯಾರಾದರೂ ಆದರೆ? ಬಾಯಿ ಹೊಲಿದುಕೊಂಡು ಕಟ್ಟಿಗೆ ಒಟ್ಟಿದೆ.

ಗೆಜ್ಜೆ ಕಟ್ಟುವಾಗ ಅವಳು ಕೇಳಿದ್ದು ಇಷ್ಟೇ. "ತಂಗಿ, ನಿನಗ ಎಲ್ಲಾ ಕಲಿಸಿದ್ನಲ್ಲ. ಅವ್ವಗ ಹೇಳಲಿಲ್ಲೇನು?"

"ಹೇಳಿದ್ನಿ ಚಂಪಕ್ಕಾ," ಅಂದೆ ನಾನು. "ಅವ್ವ ಕೇಳಲಿಲ್ಲ."

ನಿನ್ನೆ ಸುನೀತಾಳಿಗೆ ಅಷ್ಟು ಬೈದು ಬಂದು, ಉಣ್ಣದೆ ಕೂತವಳಿಗೆ ಸಂಜೆಯ ಹೊತ್ತಿಗೆ ತಿಳಿಯಿತು, ನಾನು ಬೈದದ್ದು ಅವಳನ್ನಲ್ಲ. ಹೋಗಿ, "ತಪ್ಪಾತು ತಂಗಿ, ನಿನಗೇನು ಗೊತ್ತಿತ್ತು" ಅಂದೆ. ಅವಳು ನಕ್ಕು ಚಹಾ ಕೊಟ್ಟಳು. ಇಷ್ಟು ಸುಲಭದ ಮಾತನ್ನು ಹೇಳಬೇಕಾದವಳಿಗೆ ನಾನು ಹೇಳಲಿಲ್ಲ. ನನ್ನ ಅವ್ವ ಮುಪ್ಪಿನಲ್ಲಿ ಹಾಸಿಗೆ ಹಿಡಿದಾಗಲೂ ನಡುನಡುವೆ ಕೇಳುತ್ತಿದ್ದಳು, "ಅಲ್ಲಲೇ, ಆ ಚಂಪವ್ವ ನನ್ನ ಜೋಡಿ ಯಾಕ ಮಾತು ಬಿಟ್ಲು? ನಾ ಏನ ಮಾಡಿದ್ನಿ ಅಂತ ನಿನಗೇನರ ಗೊತ್ತೈತೇನು?" ನಾನು ಅವಳ ಹೊದಿಕೆ ಸರಿಮಾಡುತ್ತ, "ಯಾರಿಗೊತ್ತ ಬಿಡವ್ವಾ, ಮಲಕೊ" ಅನ್ನುತ್ತಿದ್ದೆ.