ಮಗಳು ಮಲಗುವ ಹೊತ್ತಿಗೆ ಬರುವ ಬಸ್ಸು

ನನ್ನ ಗಂಡ ಹೊಸನಗರದಿಂದ ತೀರ್ಥಹಳ್ಳಿಗೆ ಹೋಗಿಬರುವ ಖಾಸಗಿ ಬಸ್ಸಿನ ಡ್ರೈವರ್. ಕೊನೆಯ ಟ್ರಿಪ್ ಮುಗಿಸಿ ಮನೆ ಸೇರುವಾಗ ಒಂಬತ್ತರ ಹತ್ತಿರವಾಗುತ್ತದೆ. ನಮ್ಮ ಬಾಡಿಗೆ ಮನೆ ರಸ್ತೆಗೇ ಅಂಟಿಕೊಂಡಿದೆ. ಬಸ್ಸು ಸ್ಟ್ಯಾಂಡಿಗೆ ಹೋಗುವಾಗ ಅವರು ಒಮ್ಮೆ ಹಾರ್ನ್ ಹೊಡೆಯುತ್ತಿದ್ದರು. ಮಗಳು ಅದಕ್ಕೇ ಕಾಯುತ್ತಿದ್ದಳು. ಮೂರು ವರ್ಷ ತುಂಬಿದ್ದರೂ ಮಾತು ಬಂದಿರಲಿಲ್ಲ, ನಡೆಯಲು ಆಗಷ್ಟೇ ಕಲಿತಿದ್ದಳು. ಹಾರ್ನ್ ಕೇಳಿದ ಕೂಡಲೇ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬರುತ್ತಿದ್ದಳು. ಅವರು ಬಂದವರೇ ಅವಳನ್ನು ಎತ್ತಿ ಹಾರಿಸುವುದು, ಬೆನ್ನ ಮೇಲೆ ಕೂರಿಸಿಕೊಂಡು ಮನೆ ಸುತ್ತಿಸುವುದು. ಆಮೇಲೆ ಅವರು ಉಂಡು ಮಲಗಿಬಿಡುತ್ತಿದ್ದರು. ಅವಳು ಮಲಗುತ್ತಿರಲಿಲ್ಲ. ಹೆಗಲ ಮೇಲೆ ಹಾಕಿಕೊಂಡು ಓಡಾಡುವುದು ನನ್ನ ಪಾಲಿಗೆ. ಮಾರನೇ ದಿನ ಹೊಲಿಗೆ ಮಿಷನ್ ಮುಂದೆ ಕೂತರೆ ದಾರ ಎರಡೆರಡಾಗಿ ಕಾಣುತ್ತಿತ್ತು.

ಮಗುವಿನ ಬೆಳವಣಿಗೆ ನಿಧಾನ ಎಂದು ಹೇಳಿದ್ದ ಡಾಕ್ಟರೇ, ನಿದ್ದೆ ಮಾಡಿಸುವುದನ್ನು ತಂದೆತಾಯಿಗೆ ಆನ್‌ಲೈನಿನಲ್ಲಿ ಹೇಳಿಕೊಡುವ ಥೆರಪಿಸ್ಟ್ ಒಬ್ಬರನ್ನು ಗೊತ್ತುಮಾಡಿಕೊಟ್ಟರು. ಮೈಸೂರಿನ ಕಡೆಯ ಹುಡುಗಿ, ವಾರಕ್ಕೊಮ್ಮೆ ಮೊಬೈಲಿನ ವಿಡಿಯೋ ಕಾಲ್‌ನಲ್ಲಿ ಬರುತ್ತಿದ್ದರು. ಸಂಜೆಯಾದ ಮೇಲೆ ಟಿವಿ ಬೇಡ, ಬೆಳಕು ಕಡಿಮೆ ಮಾಡಿ, ಬಿಸಿನೀರಲ್ಲಿ ಕೈಕಾಲು ತೊಳೆಸಿ, ದಿನಾ ಅದೇ ಹಾಡು ಹೇಳಿ, ಎಚ್ಚರವಿರುವಾಗಲೇ ಹಾಸಿಗೆಗೆ ಹಾಕಿ ಪಕ್ಕದಲ್ಲಿ ಕೂತಿರಿ ಎಂದರು. ಹಾಗೇ ಮಾಡಿದೆ. ಅವಳ ಕಣ್ಣು ಎಳೆಯುವ ಹೊತ್ತಿಗೆ ಸರಿಯಾಗಿ ಹಾರ್ನ್ ಕೇಳುತ್ತಿತ್ತು. ಇದನ್ನು ಗಂಡನಿಗೆ ಹೇಳಲು ಬಾಯಿ ಬರಲಿಲ್ಲ, ಥೆರಪಿಸ್ಟ್‌ಗೆ ಹೇಳಿದೆ.

"ಮುಂದಿನ ಸಲ ನಿಮ್ಮ ಯಜಮಾನ್ರೂ ಇರ್ಲಿ" ಎಂದರು.

ಅವರು ತೀರ್ಥಹಳ್ಳಿ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲಿಸಿ, ಡ್ರೈವರ್ ಸೀಟಿನಲ್ಲೇ ಕೂತು ಸೇರಿಕೊಂಡರು. ನೀವು ಬಂದಾಗ ಮಗು ಏನು ಮಾಡುತ್ತಾಳೆ ಎಂದು ಥೆರಪಿಸ್ಟ್ ಕೇಳಿದ್ದಕ್ಕೆ ಅವರ ಮುಖ ಅರಳಿತು.

"ಎಷ್ಟ್ ನಗ್ತಾಳೆ ಗೊತ್ತಾ ಮೇಡಂ. ಅವ್ಳು ಹಂಗೆ ನಗೋದು ಆಗ ಮಾತ್ರ."

"ಸರ್, ಅವಳು ಮಲಗ್ಬೇಕಾದ್ದೂ ಅದೇ ಹೊತ್ತಿಗೆ."

ಮೊಬೈಲಿನಲ್ಲಿ ಗಂಡನ ಮುಖವಿದ್ದ ಚೌಕ ಕಪ್ಪಾಯಿತು. ನೆಟ್‌ವರ್ಕ್ ಹೋಯಿತೋ, ಅವರೇ ಆಫ್ ಮಾಡಿದರೋ ತಿಳಿಯಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಮಧ್ಯಾಹ್ನವೆಲ್ಲ ಒಂದು ರವಿಕೆಯ ತೋಳನ್ನು ಹೊಲಿದು, ಬಿಚ್ಚಿ, ಮತ್ತೆ ಹೊಲಿದೆ.

ಆ ದಿನ ಹಾರ್ನ್ ಕೇಳಲಿಲ್ಲ. ಮಗಳು ಪ್ರತಿ ಗಾಡಿಯ ಸದ್ದಿಗೂ ಎದ್ದು ಕೂರುತ್ತಿದ್ದಳು. ಅತ್ತಳು, ದಿಂಬು ಎಸೆದಳು, ನನ್ನ ಕೈ ಕಚ್ಚಿದಳು. ನಾನು ಅದೇ ಹಾಡನ್ನು ಹೇಳುತ್ತಲೇ ಇದ್ದೆ, ಕಿವಿ ಮಾತ್ರ ಹೊರಗಿತ್ತು. ಕೊನೆಗೆ ಅಳುತ್ತಲೇ ಮಲಗಿದಳು. ಬಾಗಿಲು ತೆಗೆದು ನೋಡಿದರೆ ಅವರು ಮೆಟ್ಟಿಲ ಮೇಲೆ ಟಿಫಿನ್ ಕ್ಯಾರಿಯರ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಯಾವಾಗ ಬಂದ್ರಿ?"

"ಆಗ್ಲೇ ಬಂದೆ. ಅವ್ಳು ಅಳ್ತಿದ್ಲು. ಒಳಗೆ ಬಂದ್ರೆ ಮತ್ತೆ ಎದ್ದು ಕೂರ್ತಾಳೆ ಅಂತ ಇಲ್ಲೇ ಕೂತೆ."

ನನಗೆ ಆ ಥೆರಪಿಯೇ ಬೇಡ ಅನ್ನಿಸಿತು. ಮುಂದಿನ ಸೆಷನ್ನಿನಲ್ಲಿ ಅದನ್ನೇ ಹೇಳಿದೆ. ನನ್ನ ಗಂಡನೂ ಕೇಳಿಸಿಕೊಳ್ಳುತ್ತಿದ್ದರು.

"ಆಟ ಬಿಡಿ ಅಂದಿಲ್ಲ ಸರ್" ಎಂದರು ಥೆರಪಿಸ್ಟ್. "ಹೊತ್ತು ಬದಲಾಯಿಸೋಣ. ಬೆಳಿಗ್ಗೆ ಆಗುತ್ತಾ?"

"ಡ್ಯೂಟಿಗೆ ಹೋಗೋ ಮುಂಚೆ ಎಬ್ಬಿಸಿ ಆಡಿಸ್ತೀನಿ" ಎಂದರು ಅವರು.

ಮೊದಲ ದಿನಗಳಲ್ಲಿ ಬೆಳಿಗ್ಗೆ ಅವಳಿಗೆ ಆಟವೇ ಬೇಡವಾಗಿತ್ತು. ಅವರು ಆನೆಯಾಗಿ ನೆಲದ ಮೇಲೆ ಕಾಯುತ್ತಿದ್ದರು, ಅವಳು ಮುಖ ತಿರುಗಿಸುತ್ತಿದ್ದಳು. ಆಮೇಲೆ ಒಂದು ದಿನ ತಾನೇ ಬಂದು ಬೆನ್ನೇರಿದಳು. ರಾತ್ರಿಯ ನಿದ್ದೆಯೂ ಬೇಗ ಬರತೊಡಗಿತು. ಅವಳು ಮಲಗಿದ ಮೇಲೆ ಅವರು ಸದ್ದಿಲ್ಲದೆ ಒಳಗೆ ಬಂದು ಅವಳ ಪಾದ ಮುಟ್ಟಿ ನೋಡಿ ಊಟಕ್ಕೆ ಕೂರುತ್ತಿದ್ದರು. ಎಲ್ಲ ಸರಿಹೋಯಿತು ಎನ್ನಲಾರೆ. ಜ್ವರ ಬಂದರೆ, ನೆಂಟರು ಬಂದರೆ ಮತ್ತೆ ಮೊದಲಿನಂತೆಯೇ ಆಗುತ್ತಿತ್ತು, ಮತ್ತೆ ಶುರುವಿನಿಂದ ಹಿಡಿಯಬೇಕಿತ್ತು.

ಕೊನೆಯ ಸೆಷನ್ನಿನಲ್ಲಿ ಥೆರಪಿಸ್ಟ್, "ನೀವು ಹೇಗೆ ಮಲಗ್ತೀರಿ ಮೇಡಂ?" ಎಂದು ಕೇಳಿದರು.

"ಚೆನ್ನಾಗೇ ಮಲಗ್ತೀನಿ" ಎಂದೆ.

"ಸುಳ್ಳು ಮೇಡಂ" ಎಂದರು ನನ್ನ ಗಂಡ. ಅಂದು ರಜೆ ಹಾಕಿ ಪಕ್ಕದಲ್ಲೇ ಕೂತಿದ್ದರು. "ಮಗು ಮಗ್ಗಲು ಬದಲಾಯಿಸಿದ್ರೆ ಸಾಕು, ಇವ್ಳು ಎದ್ದು ಕೂತಿರ್ತಾಳೆ. ನಾನು ನೋಡಿದೀನಿ."

ಅವರು ನೋಡಿದ್ದು ನನಗೆ ಗೊತ್ತಿರಲಿಲ್ಲ. ಥೆರಪಿಸ್ಟ್ ಉಳಿದ ಹೊತ್ತನ್ನೆಲ್ಲ ನನ್ನ ನಿದ್ದೆಗೇ ಕೊಟ್ಟರು.