ಕೊಡ್ಲಿಗೆ ಬರಬೇಕಿದ್ದ ಶಟಲ್

ನಮ್ಮವ್ವನಿಗೆ ಬಸ್ಸು ಆಗುತ್ತಿರಲಿಲ್ಲ. ಡೀಸೆಲ್ ವಾಸನೆ ಬಂದರೆ ಸಾಕು, ಸೆರಗು ಬಾಯಿಗೆ ಹೋಗುತ್ತಿತ್ತು. ರೈಲಿನಲ್ಲಿ ಮಾತ್ರ ಮನೆಯ ಕಟ್ಟೆಯ ಮೇಲೆ ಕುಳಿತಂತೆ ಕುಳಿತುಕೊಳ್ಳುತ್ತಿದ್ದಳು. ಶಹಾಬಾದದಲ್ಲಿ ಹತ್ತಿ, ವಾಡಿಯಲ್ಲಿ ಗಾಡಿ ಬದಲಿಸಿ, ಚಿತ್ತಾಪುರ ದಾಟುವಷ್ಟರಲ್ಲಿ ಎದುರು ಕುಳಿತ ಹೆಂಗಸರ ತವರು, ಅತ್ತೆಮನೆ ಎಲ್ಲವೂ ಅವಳಿಗೆ ಗೊತ್ತಾಗಿರುತ್ತಿತ್ತು. ಆದರೆ ನಮಗೆ ಬೇಕಾದ ರೈಲು ಸೇಡಂವರೆಗೆ ಮಾತ್ರ. ಮುಂದೆ ಹಳಿ ತಾಂಡೂರಿನ ಕಡೆ ಹೊರಳಿಬಿಡುತ್ತಿತ್ತು. ಅಕ್ಕನನ್ನು ಕೊಟ್ಟದ್ದು ಚಿಂಚೋಳಿ ತಾಲೂಕಿನ ಕೊಡ್ಲಿಗೆ. ಸೇಡಂನಿಂದ ಅಲ್ಲಿಗೆ ಬಸ್ಸೇ ಗತಿ.

ಮದುವೆ ಶಹಾಬಾದದ ಪಕ್ಕದ ನಮ್ಮ ಭಂಕೂರಿನಲ್ಲೇ ಆಗಿತ್ತು, ಬಾಣಂತನಗಳೂ ಇಲ್ಲೇ. ಹಾಗಾಗಿ ಮೊಮ್ಮಕ್ಕಳು ಓಡಾಡುವಂತಾದರೂ ಅವ್ವ ಮಗಳ ಮನೆ ನೋಡಿರಲಿಲ್ಲ. ಒಮ್ಮೆ ಹಟ ಹಿಡಿದು ಸೇಡಂನಲ್ಲಿ ಬಸ್ಸು ಹತ್ತಿದಳು. ಊರು ದಾಟುವ ಮೊದಲೇ ಕಂಡಕ್ಟರ್ ಸೀಟಿ ಹೊಡೆದು ಇಳಿಸಿದ. ಅವಳು ಬೇವಿನ ಮರದ ಕೆಳಗೆ ಬಾಯಿ ತೊಳೆದುಕೊಂಡು ಶೇಂಗಾ ಹೋಳಿಗೆಯ ಗಂಟನ್ನು ನನ್ನ ಕೈಗಿಟ್ಟಳು.

"ನೀ ಹೋಗಿ ಕೊಟ್ಟು ಬಾರೋ ಯಪ್ಪಾ. ಮನಿ ಹ್ಯಾಂಗದ ಚಂದಾಗಿ ನೋಡ್ಕೊಂಡು ಬಂದು ಹೇಳು."

ಆ ವರ್ಷವೇ ಅಕ್ಕನ ಗಂಡನಿಗೆ ಶಹಾಬಾದದ ಒಂದು ಫರ್ಸಿ ಕಲ್ಲು ಪಾಲಿಶ್ ಮಾಡುವ ಕಾರಖಾನೆಯಲ್ಲಿ ಕೆಲಸ ಗೊತ್ತಾಯಿತು. ಅವರೆಲ್ಲ ಭಂಕೂರಿಗೇ ಬಂದು ಇರುವುದೆಂದು ಮಾತಾಯಿತು. ಅವ್ವ ಹಿಂದಿನ ಕೋಣೆಯ ಜೋಳದ ಚೀಲಗಳನ್ನೆಲ್ಲ ಹೊರಗೆ ಹಾಕಿಸಿ ನೆಲ ಸಾರಿಸಿಟ್ಟಳು.

ಅಷ್ಟರಲ್ಲಿ ಹೊಸ ರೈಲು ಲೈನಿನ ಸರ್ವೆ ಬಂತು. ಸೇಡಂವರೆಗಿನ ಶಟಲ್ ಗಾಡಿಯನ್ನು ಕೊಡ್ಲಿಯ ಮೇಲಿಂದ ಚಿಂಚೋಳಿಯವರೆಗೆ ಬೆಳೆಸುವುದು, ನಡುವಿನ ಹಳ್ಳಿಯವರು ಬೆಳಿಗ್ಗೆ ಕಾರಖಾನೆಗೆ, ಕಾಲೇಜಿಗೆ ಹೋಗಿ ಸಂಜೆ ಮನೆ ಸೇರುವಂತೆ ಮಾಡುವುದು. ಮೈಸೂರು ಕಡೆಯ ಅಧಿಕಾರಿಯೊಬ್ಬರು ಕೊಡ್ಲಿಯ ಚಾವಡಿಯ ಮುಂದೆ ನಕಾಶೆ ಹಾಸಿ ಕುಳಿತರು. ಅಂದು ನಾನೂ ಅಲ್ಲಿದ್ದೆ. ಮೀಸೆ ಬಂದ ಮೇಲೆ ಏಳನೆಯ ಇಯತ್ತೆ ಪಾಸಾದವನು ನಾನು. ನಕಾಶೆಯ ಮೇಲೆ ನಮ್ಮ ಭಂಕೂರು ಎಲ್ಲಿದೆ ಎಂದು ಹುಡುಕುವುದರಲ್ಲೇ ಮುಳುಗಿದ್ದೆ.

"ಸ್ಟೇಶನ್ ನಮ್ಮ ಹೊಲದ ಬಾಜೂಕ ಮಾಡ್ರಿ ಸಾಹೇಬ್ರ," ಎಂದರು ಒಬ್ಬ ಹಿರಿಯರು.

"ಇವರ ಎಮ್ಮಿ ಹಳಿ ಮ್ಯಾಲ ಮಲಗ್ತಾವ್ರಿ, ಗಾಡಿ ಹ್ಯಾಂಗ ಬರಬೇಕು?" ಎಂದು ಪಕ್ಕದವನು ಕಾಡಿದ.

"ನಿನ್ನಂಗ ಅಲ್ಲಪಾ. ನಮ್ಮ ಎಮ್ಮಿ ಸೀಟಿ ಹೊಡದ್ರ ಏಳ್ತಾವ!"

ನಗು ನಿಲ್ಲುವ ಮೊದಲೇ ಅಕ್ಕನ ಗಂಡ ಕೇಳಿದ, "ಸಾಹೇಬ್ರ, ಮಂಜೂರ್ ಆಗ್ಯಾದೇನ್ರಿ?"

"ಮಂಜೂರಾಗಿದೆ. ಅದಕ್ಕೇ ಬಂದಿದ್ದೀವಿ," ಎಂದರು ಅಧಿಕಾರಿ.

ನಮ್ಮ ಕಡೆ ಮಂಜೂರು ಎಂದರೆ ಮುಗಿದ ಮಾತು. ಬೀಗರು ಮಂಜೂರ್ ಅಂದರೆ ಮರುದಿನ ಹಂದರಕ್ಕೆ ಕಂಬ ಹುಡುಕುತ್ತೇವೆ. ಕಚೇರಿಯ ಮಂಜೂರು ಬೇರೆ. ಅಲ್ಲಿ ಮಂಜೂರಾಗಿದ್ದು ಸರ್ವೆ, ಲೈನು ಅಲ್ಲ. ಆ ಮಾತನ್ನು ಬಿಡಿಸಿ ಕೇಳಲು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ.

ಮರುವಾರ ಅಕ್ಕನ ಗಂಡ ಭಂಕೂರಿಗೆ ಬಂದ.

"ಅತ್ತಿ, ಕಾರಖಾನ್ಯಾಗ ಸದ್ಯ ಬ್ಯಾಡ ಅಂತ ಹೇಳಿ ಬಂದೀನ್ರಿ. ಶಟಲ್ ಬಂದ ಮ್ಯಾಲ ಊರಾಗಿದ್ದೇ ದಿನಾ ಕೆಲಸಕ್ಕ ಬಂದು ಹೋಗ್ತೀನಿ. ನೀವೂ ಆರಾಮ ಕುಂತು ನಮ್ಮನಿಗಿ ಬರ್ರಿ."

ಅವ್ವ ಸಾರಿಸಿದ ಕೋಣೆಯ ಕಡೆ ಒಮ್ಮೆ ನೋಡಿದಳು. "ಆಯ್ತು ಬಿಡ್ರಿ, ಮಂಜೂರ್ ಆಗ್ಯಾದಲ್ಲ," ಎಂದಳು. ಜೋಳದ ಚೀಲಗಳು ಒಳಗೆ ಹೋದವು.

ಸರ್ವೆಯವರು ಹೊಲಗಳಲ್ಲಿ ಸುಣ್ಣ ಬಳಿದ ಕಲ್ಲು ನೆಟ್ಟು ಹೋದರು, ಮತ್ತೆ ಬರಲಿಲ್ಲ. ಕಾರಖಾನೆಗೆ ಬೇರೆಯವರು ಸೇರಿಕೊಂಡರು. ಮೈಸೂರು ರಾಜ್ಯ ಕರ್ನಾಟಕವಾಯಿತು. ಸೇಡಂ ಕಡೆಯಿಂದ ಯಾರೇ ಬಂದರೂ ಅವ್ವ ಮೊದಲು ಲೈನಿನ ಸುದ್ದಿ ಕೇಳುತ್ತಿದ್ದಳು. ಕೊನೆಗೆ ಅವಳಿಗೆ ರೈಲಿನ ಮೆಟ್ಟಿಲು ಹತ್ತುವ ಶಕ್ತಿಯೂ ಉಳಿಯಲಿಲ್ಲ.

ಅವಳು ಹಾಸಿಗೆ ಹಿಡಿದಾಗ ಅಕ್ಕನನ್ನು ಕರೆತರಲು ಕೊಡ್ಲಿಗೆ ಹೋದೆ. ಅಕ್ಕ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದಳು. ಒಗೆಯುವ ಕಲ್ಲಿನ ಒಂದು ಮೂಲೆಯಲ್ಲಿ ಸುಣ್ಣ ಇನ್ನೂ ಉಳಿದಿತ್ತು.

"ಇದು ಲೈನಿನ ಕಲ್ಲಲ್ಲೇನಕ್ಕಾ?"

"ಹ್ಞೂಂ. ಹೊಲದಾಗ ಬಿದ್ದಿತ್ತು, ನಮ್ಮ ಮನಿಯವ್ರು ಎತ್ಕೊಂಡು ಬಂದ್ರು. ಅರಿಬಿ ಒಗಿಲಿಕ್ಕಿ ಚಲೋ ಅದ."

ಭಂಕೂರಿನಲ್ಲಿ ಅವ್ವನ ತಲೆದೆಸೆಗೆ ಅಕ್ಕ ಕುಳಿತಳು. ಅವ್ವ ಕಣ್ಣು ಮುಚ್ಚಿಕೊಂಡೇ ನನ್ನಿಂದ ಆ ಮನೆಯ ಬಾಗಿಲು, ಒಲೆ, ದನ ಕಟ್ಟುವ ಜಾಗ ಎಲ್ಲವನ್ನೂ ಇನ್ನೊಮ್ಮೆ ಹೇಳಿಸಿಕೊಂಡಳು. ಆಮೇಲೆ ಅಕ್ಕನನ್ನು ಕೇಳಿದಳು.

"ಮತ್ತ ಗಾಡಿ ಎಲ್ಲಿ ತನಾ ಬರ್ತದವ್ವಾ? ಭಾಳ ನಡೀಬೇಕೇನು?"

"ಇಲ್ಲಬೇ ಯವ್ವಾ," ಎಂದಳು ಅಕ್ಕ. "ಅರಿಬಿ ಒಗಿಯೋ ಕಲ್ಲಿನ ತನಾ ಬರ್ತದ."

ಅವ್ವ ಆ ಮಳೆಗಾಲ ದಾಟಲಿಲ್ಲ. ಮಣ್ಣು ಕೊಡಲು ಅಕ್ಕನ ಗಂಡ ಬಂದಾಗ ಹೊತ್ತು ಮೀರಿತ್ತು. ಕೊಡ್ಲಿಯ ಬಸ್ಸು ತಡವಾಗಿ, ಅವನಿಗೆ ಸೇಡಂನಲ್ಲಿ ರೈಲು ತಪ್ಪಿಹೋಗಿತ್ತು.