ಸೇವಂತಿಗೆ ದಾರ ನುಂಗಿದ ಕೋಳಿ

ಸೋಮವಾರ ಬಂದರೆ ಈರುಳ್ಳಿ ಬೆಳ್ಳುಳ್ಳಿಗೂ ರಜೆ ಕೊಡುವ ಮನೆ ನಮ್ಮದು. ಅಂಥ ಮನೆಯ ಹಿತ್ತಲಿನಲ್ಲಿ ಕೋಳಿ ಇದೆ ಎಂದರೆ ಹೊಸದುರ್ಗದ ನಮ್ಮ ನೆಂಟರು ಇವತ್ತಿಗೂ ಮುಖ ಮುಖ ನೋಡಿಕೊಳ್ಳುತ್ತಾರೆ. ನಾವೇನೂ ಕೊಂಡು ತಂದದ್ದಲ್ಲ. ಐಮಂಗಲದಲ್ಲಿ ಹೈವೇಯಿಂದ ಎರಡು ಬೀದಿ ಒಳಗೆ ನಮ್ಮ ಮನೆ. ಮೂರು ವರ್ಷದ ಹಿಂದೆ ಕೋಳಿ ತುಂಬಿದ ಲಾರಿಯೊಂದು ಸರ್ವಿಸ್ ರಸ್ತೆಯ ಹಂಪಿನ ಮೇಲೆ ಎಗರಿದಾಗ ಒಂದು ಬಿಳಿ ಹೇಂಟೆ ಕೆಳಗೆ ಬಿತ್ತು. ಲಾರಿ ನಿಲ್ಲಲಿಲ್ಲ. ಅಲ್ಲೇ ಟೀ ಕುಡಿಯುತ್ತಿದ್ದ ನನ್ನ ಗಂಡ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ಬಂದರು.

ನಾನು ಬಾಗಿಲಲ್ಲೇ ತಡೆದೆ. "ಮೊದ್ಲು ಅತ್ತೇನ ಕೇಳ್ರಿ" ಅಂದೆ. ಅತ್ತೆ ಬೆಳಿಗ್ಗೆ ಸ್ನಾನ ಮಾಡಿ ಲಿಂಗಪೂಜೆ ಮುಗಿಸದೆ ಒಂದು ಗುಟುಕು ನೀರು ಕುಡಿಯದವರು. ಅವರೇ ಬೇಡ ಅಂದುಬಿಟ್ಟರೆ ನಾನು ಕೆಟ್ಟವಳಾಗುವುದು ತಪ್ಪುತ್ತದೆ ಎಂದುಕೊಂಡಿದ್ದೆ. ಅತ್ತೆ ಹೊರಗೆ ಬಂದರು, ಟವೆಲು ಸರಿಸಿದರು. ಅರ್ಧ ಪುಕ್ಕ ಉದುರಿಹೋಗಿದ್ದ ಆ ಪ್ರಾಣಿ ಒಂದು ಕಣ್ಣಿನಲ್ಲಿ ಅವರನ್ನು ನೋಡಿತು.

"ತಿನ್ನಬಾರ್ದು ಅಂತ ಹಿರೇರು ಹೇಳ್ಯಾರೆ. ಸಾಕಬಾರ್ದು ಅಂತ ಯಾರು ಹೇಳ್ಯಾರೆ?" ಅಂದರು.

ಖಾಲಿ ಬಿದ್ದಿದ್ದ ದನದ ಕೊಟ್ಟಿಗೆ ಕೋಳಿಗೆ ಸೇರಿತು. ಅತ್ತೆ ಅದಕ್ಕೆ ರಾಗಿ ಚೆಲ್ಲಿ, ಮೊಸರನ್ನ ಇಟ್ಟು, ಕೊನೆಗೆ ಊರಿನ ಸುದ್ದಿಯನ್ನೆಲ್ಲ ಹೇಳುವಷ್ಟು ಹಚ್ಚಿಕೊಂಡರು. ನನ್ನ ಹತ್ತಿರ ಎರಡು ಮಾತಿಗೆ ಜಿಪುಣತನ ಮಾಡುವ ಅತ್ತೆ ಕೋಳಿಯ ಜೊತೆ ಗಂಟೆಗಟ್ಟಲೆ ಹರಟುವುದನ್ನು ಕಂಡು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಮೊಟ್ಟೆ ಇಟ್ಟ ದಿನ ಮಾತ್ರ ಅವರಿಗೆ ಪೇಚಾಟ. ಬಾಳೆಲೆ ಚೂರಿನಲ್ಲಿ ಅದನ್ನು ಕೆಂಡ ಎತ್ತಿದ ಹಾಗೆ ಎತ್ತಿ, ಮೋಟು ಗೋಡೆಯ ಆಚೆ ಇರುವ ಪಕ್ಕದ ಮನೆ ಅಜ್ಜಿಗೆ ಕೊಡುತ್ತಿದ್ದರು.

ಆ ಅಜ್ಜಿಯ ಮನೆಯವರು ಕುರಿ ಸಾಕುವವರು. ಮಕ್ಕಳು ಕುರಿ ಹೊಡೆದುಕೊಂಡು ಹೋದ ಮೇಲೆ ಅಜ್ಜಿ ಜಗಲಿಯಲ್ಲಿ ಕೂತು ಕಂಬಳಿಯ ಅಂಚು ಹೊಲಿಯುತ್ತಿರುತ್ತಾರೆ. ಮೊಟ್ಟೆ ಇಸಿದುಕೊಂಡಾಗಲೆಲ್ಲ "ಅಮ್ಮಾರೆ, ಸಾರಿಗೆ ಯಾವಾಗ ಕರೀತೀರಿ?" ಎಂದು ಅತ್ತೆಯನ್ನು ಕಾಡುತ್ತಿದ್ದರು. ಅತ್ತೆ "ಥೂ, ಬಾಯಿ ಮುಚ್ಚು ತಾಯಿ" ಎಂದು ನಗುತ್ತಿದ್ದರು. ನಾನು ನಗುತ್ತಿರಲಿಲ್ಲ. ಅಜ್ಜಿ ತಮ್ಮ ಅಂಗಳದಲ್ಲಿ ಕೋಳಿ ಕೊಯ್ಯಲು ಕೂತರೆ ಮುಖ ತಿರುಗಿಸಿ ಒಳಗೆ ಹೋಗುವವಳು ನಾನು. ಆ ಕೈಗಳ ಬಗ್ಗೆ ನನಗೆ ಒಳಗೊಳಗೇ ಹೇಸಿಗೆ ಇತ್ತು.

ಹೋದ ಕಾರ್ತಿಕದಲ್ಲಿ ಕೋಳಿ ಮೇವು ಬಿಟ್ಟಿತು. ಮೊದಲ ದಿನ ಮಂಕಾಗಿ ನಿಂತಿತ್ತು. ಎರಡನೇ ದಿನ ಕುತ್ತಿಗೆಯ ಬುಡದಲ್ಲಿ, ಎದೆಯ ಮೇಲೆ ಒಂದು ಗಡ್ಡೆ ಎದ್ದಿತು, ನಿಂಬೆಹಣ್ಣಿನ ಗಾತ್ರ. ಮುಟ್ಟಿದರೆ ಗಟ್ಟಿ. ಕೊಕ್ಕು ತೆರೆದರೆ ಹುಳಿ ಬಂದ ಹಿಟ್ಟಿನ ವಾಸನೆ. ನಾನು ಮೊಬೈಲಿನಲ್ಲಿ ವಿಡಿಯೋ ನೋಡಿ, ಕೊಬ್ಬರಿ ಎಣ್ಣೆ ಕುಡಿಸಿ, ಗಡ್ಡೆಯನ್ನು ಮೆಲ್ಲಗೆ ನೀವಿದೆ. ಅತ್ತೆ ವಿಭೂತಿ ಹಚ್ಚಿದರು. ಇಬ್ಬರ ವೈದ್ಯವೂ ನಾಟಲಿಲ್ಲ. ಮೂರನೇ ದಿನ ಭಾನುವಾರ, ಪಶು ಆಸ್ಪತ್ರೆಗೆ ಬೀಗ. ಫೋನು ಮಾಡಿದರೆ ಡಾಕ್ಟರು ಹೊಳಲ್ಕೆರೆ ಕಡೆ ಮದುವೆಯಲ್ಲಿದ್ದರು. "ನಾಳೆ ಬೆಳಿಗ್ಗೆ ತಗೊಂಡ್ ಬನ್ನಿ" ಅಂದರು. ಅಷ್ಟು ಹೊತ್ತಿಗೆ ಕೋಳಿಯ ಜುಟ್ಟು ಕೆಂಪು ಹೋಗಿ ನೇರಳೆಯಾಗಿತ್ತು. ಕತ್ತು ಎತ್ತಲು ಆಗದೆ ಅತ್ತೆಯ ಮಡಿಲಿನಲ್ಲಿ ಜೋತುಬಿದ್ದಿತ್ತು. ಅತ್ತೆ ಅವತ್ತು ಪೂಜೆಗೂ ಕೂತಿರಲಿಲ್ಲ. ನಾನು ಸೊಸೆಯಾಗಿ ಬಂದ ಇಪ್ಪತ್ತೆರಡು ವರ್ಷದಲ್ಲಿ ಅವರು ಪೂಜೆ ಬಿಟ್ಟದ್ದು ಅದೇ ಮೊದಲು, ನನಗೆ ಹೆದರಿಕೆಯಾಯಿತು.

ಗೋಡೆಯ ಆಚೆಯಿಂದ ಅಜ್ಜಿ ಇಣುಕಿ, "ಇಲ್ಲಿ ಕೊಡ್ರಿ ನೋಡಾಣ" ಅಂದರು. ಅತ್ತೆ ಕೋಳಿಯನ್ನು ಗೋಡೆಯ ಹತ್ತಿರ ಹಿಡಿದರು, ಅಜ್ಜಿ ಹೆಬ್ಬೆರಳಿನಲ್ಲಿ ಗಡ್ಡೆಯನ್ನು ಎರಡು ಸಲ ಒತ್ತಿದರು.

"ಇದು ಗಡ್ಡೆ ಅಲ್ಲ ಅಮ್ಮಾರೆ. ಕಾಳಿನ ಚೀಲ. ತಿಂದದ್ದು ಮೊದ್ಲು ಇಲ್ಲಿ ನಿಂತು ಆಮೇಲೆ ಕೆಳಗಿಳೀತೈತೆ. ಏನೋ ಸಿಗಾಕ್ಕಂಡೈತೆ. ನಾಳೆ ಗಂಟ ಉಳಿಯಾಕಿಲ್ಲ."

"ಏನ್ ಮಾಡೋದು ಈಗ?" ಅಂದೆ ನಾನು.

"ಕೊಯ್ದು ತೆಗೀಬೇಕು."

ಅತ್ತೆ ಕೋಳಿಯನ್ನು ಇನ್ನಷ್ಟು ಅಪ್ಪಿಕೊಂಡರು. ಆಮೇಲೆ ಕೇಳಿದರು, "ನಿನಗೆ ಮಾಡಿ ರೂಢಿ ಐತಾ?"

"ಐತೆ. ಹಿಡ್ಕಳ್ರಿ" ಅಂದರು ಅಜ್ಜಿ. ಮೂವತ್ತು ವರ್ಷ ಗೋಡೆಯ ಆಚೆಯಿಂದಲೇ ಮಾತಾಡಿದ್ದವರು ಅವತ್ತು ಸುತ್ತಿ ಬಂದು, ನಮ್ಮ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೂತರು.

ನಾನು ಹೊಲಿಗೆ ಮಷಿನ್ನಿನಲ್ಲಿ ಊರಿನ ಅರ್ಧ ಹೆಂಗಸರಿಗೆ ರವಿಕೆ ಹೊಲಿದುಕೊಡುವವಳು. ಸೂಜಿ ದಾರಕ್ಕೆ ಬರವೇ? ಓಡಿಹೋಗಿ ಸಣ್ಣ ಸೂಜಿ, ಗಟ್ಟಿ ದಾರ, ಗಂಡನ ಹೊಸ ಬ್ಲೇಡು, ಬಿಸಿನೀರು, ಅರಿಶಿನ ಎಲ್ಲ ತಂದಿಟ್ಟೆ. ಅಜ್ಜಿ ಬ್ಲೇಡನ್ನೂ ಸೂಜಿಯನ್ನೂ ಕುದಿಯುವ ನೀರಿಗೆ ಹಾಕಿಸಿದರು. ದಾರವನ್ನು ಬೆರಳ ನಡುವೆ ಉಜ್ಜಿ ನೋಡಿ ಪಕ್ಕಕ್ಕೆ ಎಸೆದರು. "ಇದು ಒಳಗಿನ ಪೊರೆನ ಹರೀತೈತೆ. ಕೂದ್ಲು ಬೇಕು, ಉದ್ದಂದು." ಅವರ ತಲೆಯಲ್ಲಿ ಗೇಣುದ್ದ ಕೂದಲು. ನನ್ನದು ಭುಜದವರೆಗೆ. ಅತ್ತೆ ತುರುಬು ಬಿಚ್ಚಿ, ಬಿಳಿಯ ನಾಲ್ಕೈದು ಎಳೆ ಬುಡಸಮೇತ ಕಿತ್ತು ಕೊಟ್ಟರು. ಅವೂ ಬಿಸಿನೀರಿಗೆ ಬಿದ್ದವು.

ಅಜ್ಜಿ ಎದೆಯ ಪುಕ್ಕ ಕಿತ್ತರು. ಅತ್ತೆ ರೆಕ್ಕೆ ಕಾಲು ಸೇರಿಸಿ ಹಿಡಿದುಕೊಂಡು, ಕೋಳಿಯ ತಲೆಯ ಮೇಲೆ ಸೆರಗು ಮುಚ್ಚಿದರು. ಬ್ಲೇಡು ತೆಳುವಾಗಿ ಒಂದು ಗೆರೆ ಎಳೆಯಿತು, ನನ್ನ ಕಿರುಬೆರಳಿನ ಒಂದು ಗೆಣ್ಣಿನಷ್ಟು. ರಕ್ತ ಹರಿಯುತ್ತದೆ ಎಂದು ಕಣ್ಣು ಮುಚ್ಚಿದ್ದೆ. ತೆರೆದರೆ ಎರಡೇ ಹನಿ. ನರ ಎಲ್ಲೆಲ್ಲಿ ಹೋಗುತ್ತದೆ ಎಂಬುದು ಅಜ್ಜಿಗೆ ಮೊದಲೇ ಗೊತ್ತಿದ್ದ ಹಾಗೆ, ಅದನ್ನು ತಪ್ಪಿಸಿ ಕೊಯ್ದಿದ್ದರು. ಮೇಲಿನ ಚರ್ಮವನ್ನು ಒಂಚೂರು ಪಕ್ಕಕ್ಕೆ ಎಳೆದು, ಒಳಗಿನ ಚೀಲವನ್ನು ಬೇರೆ ಜಾಗದಲ್ಲಿ ಕೊಯ್ದರು. ಎರಡು ಗಾಯ ಒಂದರ ಮೇಲೊಂದು ಬರಬಾರದಂತೆ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಮುಖ ತಿರುಗಿಸುವುದು ಮರೆತೇಹೋಗಿತ್ತು.

ಅಜ್ಜಿ ಎರಡು ಬೆರಳು ಒಳಗೆ ಬಿಟ್ಟು ಏನನ್ನೋ ಹಿಡಿದು ಎಳೆದರು. ಅದು ಬರುತ್ತಲೇ ಇತ್ತು. ಹಳದಿ ಎಸಳುಗಳು ಮುದ್ದೆಯಾಗಿ ಅಂಟಿದ ದಾರ, ಗಂಟು ಗಂಟಾದ ದಾರ, ಮುಗಿಯದ ದಾರ. ಕಲ್ಲಿನ ಮೇಲೆ ಬಿಡಿಸಿ ಹಾಕಿದರೆ ಹತ್ತಿರ ಹತ್ತಿರ ಒಂದು ಮಾರು.

ಅತ್ತೆಯ ಮುಖ ಬಿಳಿಚಿತು. ಆ ದಾರ ನಮ್ಮ ಮನೆಯದೇ. ಪೂಜೆಗೆ ಏರಿಸಿದ ಸೇವಂತಿಗೆಯನ್ನು ತುಳಿಯಬಾರದೆಂದು ಅತ್ತೆ ಮರುದಿನ ದಾರದ ಸಮೇತ ದಾಸವಾಳದ ಬುಡಕ್ಕೆ ಹಾಕುತ್ತಾರೆ. ಮದುವೆಯಾದಾಗಿನಿಂದ ಹಾಗೇ ಮಾಡಿದ್ದಾರೆ, ನಮ್ಮವರೆಲ್ಲ ಹಾಗೇ ಮಾಡುತ್ತೇವೆ. ಗಿಡದ ಬುಡ ಕೆದಕುವುದೇ ಕೆಲಸವಾಗಿರುವ ಪ್ರಾಣಿಯೊಂದು ಮನೆಗೆ ಬಂದಿದೆ ಎಂಬುದು ಹೂವು ಹಾಕುವ ಹೊತ್ತಿನಲ್ಲಿ ಮಾತ್ರ ಯಾರ ತಲೆಗೂ ಹೊಳೆದಿರಲಿಲ್ಲ.

"ನನ್ನ ಕೈಯಾರೆ ಆಗಿದ್ದು, ಶಿವನೇ" ಅಂದರು ಅತ್ತೆ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಕೈ ಮಾತ್ರ ಅಲ್ಲಾಡಲಿಲ್ಲ.

"ಆಮೇಲೆ ಅಳ್ರಿ ಅಮ್ಮಾರೆ, ಈಗ ಗಟ್ಟಿ ಹಿಡ್ಕಳ್ರಿ" ಎಂದು ಅಜ್ಜಿ ಗದರಿದರು. ನಮ್ಮತ್ತೆಯನ್ನು ಗದರಿದವರನ್ನು ನಾನು ಅವತ್ತೇ ಮೊದಲು ಕಂಡದ್ದು.

ಬಿಸಿನೀರಿನಲ್ಲಿ ಚೀಲ ತೊಳೆದು, ಅತ್ತೆಯ ಬಿಳಿ ಕೂದಲನ್ನು ಸೂಜಿಗೆ ಪೋಣಿಸಿದರು. ಕನ್ನಡಕವಿಲ್ಲದೆ, ಒಂದೇ ಸಲಕ್ಕೆ. ಮೊದಲು ಒಳಗಿನ ಪೊರೆ, ಆಮೇಲೆ ಬೇರೆಯಾಗಿ ಮೇಲಿನ ಚರ್ಮ. "ಎರಡೂ ಕೂಡ್ಸಿ ಹೊಲಿದ್ರೆ ಸಾಯ್ತೈತೆ" ಎಂದು ನನಗೆ ಪಾಠ ಹೇಳುವ ಹಾಗೆ ಹೇಳಿದರು. ಕಸುಬಿನವಳ ಕಣ್ಣಿನಿಂದ ನೋಡಿದೆ: ಒಳಗೆ ಆರು ಹೊಲಿಗೆ, ಹೊರಗೆ ಐದು. ಒಂದಕ್ಕಿಂತ ಒಂದು ಎಳ್ಳಷ್ಟೂ ಹೆಚ್ಚುಕಮ್ಮಿ ಇಲ್ಲ. ಉಸಿರಾಡುವ ಬಟ್ಟೆಯ ಮೇಲೆ ಅಂಥ ಹೊಲಿಗೆ ನನ್ನ ಜನ್ಮದಲ್ಲಿ ಬರಲಾರದು. ಕೈ ಮುಗಿಯಬೇಕು ಅನ್ನಿಸಿತು, ನಾಚಿಕೆಯಿಂದ ಮುಗಿಯಲಿಲ್ಲ. ಅಜ್ಜಿ ಅರಿಶಿನ ಮೆತ್ತಿ ಎದ್ದಾಗ ಅತ್ತೆ ಅವರನ್ನು ಹೊರಗಿನ ನಲ್ಲಿಗೆ ಬಿಡದೆ ಬಚ್ಚಲುಮನೆಗೆ ಕರೆದುಕೊಂಡು ಹೋಗಿ, ತಾವೇ ಚೊಂಬಿನಲ್ಲಿ ನೀರು ಹಾಕಿ ಕೈ ತೊಳೆಸಿದರು.

ಎರಡು ದಿನ ಕೋಳಿ ಬುಟ್ಟಿಯಲ್ಲಿ ಸತ್ತ ಹಾಗೆ ಬಿದ್ದಿತ್ತು. ಅತ್ತೆ ಹತ್ತಿಯಲ್ಲಿ ಅದ್ದಿ ರಾಗಿ ಗಂಜಿಯ ತಿಳಿಯನ್ನು ಕೊಕ್ಕಿಗೆ ಹನಿ ಹನಿ ಬಿಟ್ಟರು. ಅದನ್ನು ಕದಲಿಸಲು ಹೆದರಿ ನಾವು ಮತ್ತೆ ಫೋನು ಮಾಡಿದ್ದಕ್ಕೆ ಸೋಮವಾರ ಡಾಕ್ಟರೇ ಮನೆಗೆ ಬಂದು ಒಂದು ಸೂಜಿ ಹಾಕಿ, ಹೊಲಿಗೆಯನ್ನು ಬಗ್ಗಿ ಬಗ್ಗಿ ನೋಡಿ, "ಯಾರು ಮಾಡಿದ್ದು?" ಎಂದು ಮೂರು ಸಲ ಕೇಳಿದರು. ನಾನು ಗೋಡೆಯ ಕಡೆ ತೋರಿಸಿದೆ. ಅಜ್ಜಿ ಆಗಲೇ ಒಳಗೆ ಸರಿದಿದ್ದರು.

ನಾಲ್ಕನೇ ದಿನ ಬೆಳಿಗ್ಗೆ ಕೋಳಿ ತಾನಾಗಿ ಬುಟ್ಟಿಯಿಂದ ಇಳಿದು, ಅತ್ತೆಯ ಅಂಗೈಯಲ್ಲಿದ್ದ ಕಾಳು ಕುಕ್ಕಿತು. ಜುಟ್ಟಿಗೆ ಕೆಂಪು ಬಂದಿತ್ತು. ಅತ್ತೆ ಕೈ ಚಾಚಿಕೊಂಡೇ ಕೂತರು, ಕಾಳು ಮುಗಿದರೂ ಕೈ ತೆಗೆಯಲಿಲ್ಲ.

ನಾನು ಸುದ್ದಿ ಹೇಳಲು ಅಜ್ಜಿಯ ಮನೆಗೆ ಹೋದೆ. ಅಜ್ಜಿ ಕಂಬಳಿ ಬದಿಗಿಟ್ಟು, "ಬಾ ಯವ್ವಾ, ಕುಂತ್ಕ" ಅಂದರು. ಕೂತೆ. ಕೇಳಬೇಕೆಂದಿದ್ದನ್ನು ಕೇಳಿಯೇಬಿಟ್ಟೆ: "ಅಜ್ಜಿ, ಹಿಂಗೆ ಇದುವರ್ಗೂ ಎಷ್ಟು ಕೋಳಿ ಉಳಿಸಿದೀರಿ?"

ಅಜ್ಜಿ ನಕ್ಕರು. "ಕೊಯ್ದಿದ್ದು ಲೆಕ್ಕ ಇಲ್ಲ ಯವ್ವಾ. ಒಳಗೆ ಎಲ್ಲಿ ಏನೈತೆ ಅಂತ ಕಣ್ಣು ಮುಚ್ಚಿ ಹೇಳ್ತೀನಿ. ಉಳಿಸಿದ್ದು ಇದೊಂದೇ. ಚಿಕ್ಕವಳಿದ್ದಾಗ ನಮ್ಮವ್ವ ಮಾಡಿದ್ದು ಒಂದ್ಸಲ ನೋಡಿದ್ದೆ, ಅಷ್ಟೆ."

"ಮತ್ತೆ ಅತ್ತೆ ಹತ್ರ ರೂಢಿ ಐತೆ ಅಂದ್ರಲ್ಲ!"

"ಇಲ್ಲ ಅಂದಿದ್ರೆ ಅವರ ಕೈ ನಡುಗ್ತಿದ್ವು. ಹಿಡ್ಕಂಡೋರ ಕೈ ನಡುಗಿದ್ರೆ ನಾನು ಹೊಲಿಯೋದು ಹೆಂಗೆ?"

ಈ ಮಾತನ್ನು ನಾನು ಅತ್ತೆಗೆ ಇವತ್ತಿನವರೆಗೂ ಹೇಳಿಲ್ಲ.